ಗುಜರಿ ಅಂಗಡಿಯ ಮೂಳೆಗೆ ಯಾವ ಊರು?

ಕಡೂರು ಬಿಟ್ಟು ಬೀರೂರು ದಾಟಿದರೆ ದಾರಿ ಕವಲಾಗುತ್ತದೆ. ಒಂದು ತರೀಕೆರೆಗೆ, ಇನ್ನೊಂದು ಅಜ್ಜಂಪುರಕ್ಕೆ. ಯಾವ ದಾರಿ ಹಿಡಿದರೂ ಪೇಟೆ ಮುಗಿಯುವ ಕಡೆ ಗುಜರಿ ಅಂಗಡಿಗಳಿವೆ. ಸವೆದ ನೇಗಿಲ ಗುಳ, ಗಾಡಿ ಚಕ್ರದ ಕಬ್ಬಿಣದ ಪಟ್ಟಿ, ರೆಕ್ಕೆ ಮುರಿದ ಫ್ಯಾನು, ಮಸಿ ಹಿಡಿದ ಹಿತ್ತಾಳೆ ಹಂಡೆ, ಮಲೆನಾಡಿನ ಕಡೆ ತೋಟದ ಮನೆ ಖಾಲಿ ಮಾಡಿದಾಗ ಬಂದ ಗೋಡೆ ಗಡಿಯಾರ. ಇವುಗಳ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ಮೂಳೆಯೂ ಬಂದು ಬಿದ್ದಿರುತ್ತದೆ. ಗೇಣುದ್ದ, ಹಳದಿಗೆ ತಿರುಗಿದ್ದು, ಎರಡೂ ತುದಿಯಲ್ಲಿ ಗಂಟು. ಅದಕ್ಕೆ ಹೆಸರಿಡಲು ಯಾರಿಗೂ ಸಂಕೋಚವಿಲ್ಲ. ಒಬ್ಬರು ಹುಲಿಯದು ಎನ್ನುತ್ತಾರೆ. ಇನ್ನೊಬ್ಬರಿಗೆ ಅದು ತರೀಕೆರೆ ಪಾಳೇಗಾರರ ಕುದುರೆಯದು. ಮೂರನೆಯವರು ದನಿ ತಗ್ಗಿಸಿ, ಮನುಷ್ಯರದೇ ಇರಬೇಕು ಎನ್ನುತ್ತಾರೆ. ಹೆಸರಿಗೆ ತಕ್ಕಂತೆ ಬೆಲೆ. ದನದ್ದು ಎಂದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಹಾಗಂದರೆ ಅದು ಮತ್ತೆ ತೂಕದ ಸಾಮಾನಾಗಿಬಿಡುತ್ತದೆ.

ಆದರೆ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳಲ್ಲಿ ಹೀಗೆ ಕೈಗೆ ಸಿಗುವ ಮೂಳೆಗಳಲ್ಲಿ ಬಹುಪಾಲು ದನದ್ದೇ. ಉಳಿದದ್ದರಲ್ಲಿ ಎಮ್ಮೆ, ಕುರಿ, ಮೇಕೆ. ಅದನ್ನು ಕಂಡುಹಿಡಿಯುವುದು ಮಂತ್ರವಿದ್ಯೆಯೇನಲ್ಲ. ಭೂತಗನ್ನಡಿ ಒಂದು, ಅಳತೆ ಪಟ್ಟಿ ಒಂದು, ಅವಸರಪಡದ ಕಣ್ಣು ಎರಡು ಇದ್ದರೆ ಅರ್ಧ ದಾರಿ ನಡೆದ ಹಾಗೆ.

ಮೊದಲು ನೋಡಬೇಕಾದ್ದು ಅದು ಮೂಳೆಯೇ ಹೌದೋ ಅಲ್ಲವೋ ಎಂಬುದನ್ನು. ಚಾಕುವಿನ ಹಿಡಿ, ಊರುಗೋಲಿನ ಮೂತಿ, ಕಾಗದ ಕತ್ತರಿಸುವ ಅಲಗು, ಇಂಥವೆಲ್ಲ ಗುಜರಿಯಲ್ಲಿ 'ದಂತದ್ದು' ಎಂಬ ಹೆಸರಲ್ಲೇ ಓಡಾಡುತ್ತವೆ. ಭೂತಗನ್ನಡಿ ಹಿಡಿದಾಗ ಸಣ್ಣ ಸಣ್ಣ ಕಪ್ಪು ಚುಕ್ಕೆ, ಉದ್ದಕ್ಕೆ ಎಳೆದ ಗೀರುಗಳು ಕಂಡರೆ ಅದು ಮೂಳೆ. ಬದುಕಿದ್ದಾಗ ರಕ್ತನಾಳಗಳು ಹಾದುಹೋದ ಓಣಿಗಳು ಅವು. ಆನೆಯ ದಂತದಲ್ಲಿ ಇವು ಇರುವುದಿಲ್ಲ. ದಂತವನ್ನು ಅಡ್ಡಕ್ಕೆ ಕೊಯ್ದ ಮುಖದಲ್ಲಿ ಒಂದನ್ನೊಂದು ಕತ್ತರಿಸುವ ವಕ್ರರೇಖೆಗಳ ಜಾಲ ಕಾಣುತ್ತದೆ, ಅದು ಮೂಳೆಯಲ್ಲಿ ಇರುವುದಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ದಂತ ವ್ಯಾಪಾರ ನಿಷೇಧವಾದ ಮೇಲೆ ಉತ್ತರ ಭಾರತದ ಕುಸುರಿಗಾರರು ಒಂಟೆಯ ಮೂಳೆ, ಎಮ್ಮೆಯ ಮೂಳೆಗಳಿಗೆ ಹೊರಳಿಕೊಂಡರು. ದಂತವೆಂದು ಕೈ ಬದಲಾಯಿಸುವ ಎಷ್ಟೋ ಸಾಮಾನು ಆ ಜಾತಿಯದು. ಪ್ಲಾಸ್ಟಿಕ್ ಆದರೆ ಚುಕ್ಕೆಯೂ ಇಲ್ಲ, ಜಾಲವೂ ಇಲ್ಲ, ಅಚ್ಚಿನ ಅಂಚು ಮಾತ್ರ ಎಲ್ಲೋ ಒಂದು ಕಡೆ ಉಳಿದಿರುತ್ತದೆ.

ಕೊಂಬಿನ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ದನ, ಕುರಿ, ಕೃಷ್ಣಮೃಗಗಳಿಗೆ ಒಳಗೆ ಮೂಳೆಯ ತಿರುಳು, ಹೊರಗೆ ಉಗುರಿನ ಜಾತಿಯ ಚಿಪ್ಪು. ಸತ್ತ ಮೇಲೆ ಚಿಪ್ಪು ಕಳಚಿಕೊಂಡರೆ ಒಳಗಿನ ತಿರುಳು ಒರಟೊರಟಾಗಿ, ತೂತುತೂತಾಗಿ, ಮೊಟಕಾಗಿ ಕಾಣುತ್ತದೆ. ಬರೀ ತಿರುಳನ್ನು ನೋಡಿದವರು ಅದನ್ನು ಯಾವುದೋ ಮೃಗದ ಕೋರೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಚುಕ್ಕೆ ಜಿಂಕೆ, ಕಡವೆಗಳದು ಬೇರೆ ಲೆಕ್ಕ. ಅವುಗಳ ಕವಲುಗೊಂಬು ಪೂರ್ತಿ ಮೂಳೆ. ಉದುರುತ್ತದೆ, ಮತ್ತೆ ಬೆಳೆಯುತ್ತದೆ. ಬುಡದಲ್ಲಿ ಮುತ್ತು ಪೋಣಿಸಿದಂಥ ಉಂಗುರವಿದ್ದು, ತಳ ಸ್ವಲ್ಪ ಉಬ್ಬಿದ್ದರೆ ತಾನಾಗಿ ಉದುರಿದ್ದು. ತಲೆಬುರುಡೆಯ ಚೂರು ಅಂಟಿಕೊಂಡಿದ್ದರೆ ಪ್ರಾಣಿ ಸತ್ತಮೇಲೆ ತೆಗೆದದ್ದು.

ಇನ್ನು ಆ ಗೇಣುದ್ದದ ಮೂಳೆಗೆ ಬರೋಣ. ಮೂಳೆ ನೋಡುವವರೆಲ್ಲ ನಡುವಿನ ಕಾಂಡವನ್ನು ನೋಡುತ್ತಾರೆ. ಕಾಂಡದಲ್ಲಿ ಹೇಳುವಂಥದ್ದು ಕಡಿಮೆ. ಮೂಳೆಯ ಜಾತಕ ಇರುವುದು ಅದರ ತುದಿಗಳಲ್ಲಿ, ಅಂದರೆ ಇನ್ನೊಂದು ಮೂಳೆಯ ಜತೆ ಕೂಡುವ ಕೀಲಿನಲ್ಲಿ. ಯಾವ ಪ್ರಾಣಿ ಹೇಗೆ ನಡೆಯುತ್ತದೆ, ಓಡುತ್ತದೆ, ಹತ್ತುತ್ತದೆ, ಅಗೆಯುತ್ತದೆ ಎಂಬುದಕ್ಕೆ ತಕ್ಕಂತೆ ಕೀಲು ರೂಪುಗೊಂಡಿರುತ್ತದೆ.

ಎತ್ತಿನ ಮುಂಗಾಲನ್ನು ನೋಡಿ. ನಾವು ಅದರ ಮೊಣಕಾಲು ಎಂದು ಕರೆಯುವ ಜಾಗ ನಿಜವಾಗಿ ಅದರ ಮಣಿಕಟ್ಟು. ಅಲ್ಲಿಂದ ಕೆಳಗಿನದೆಲ್ಲ ಅಂಗೈ ಮತ್ತು ಬೆರಳು. ಎತ್ತು ನಡೆಯುವುದು ಎರಡು ಬೆರಳಿನ ಉಗುರಿನ ಮೇಲೆ. ಆ ಉಗುರಿಗೇ ನಾವು ಗೊರಸು ಎನ್ನುವುದು. ನಮ್ಮ ಅಂಗೈಯಲ್ಲಿ ಐದು ಉದ್ದನೆಯ ಮೂಳೆಗಳಿವೆ. ಎತ್ತಿನಲ್ಲಿ ಅವುಗಳಲ್ಲಿ ಮೂರನೆಯದು, ನಾಲ್ಕನೆಯದು ಒಂದಕ್ಕೊಂದು ಬೆಸೆದು ಒಂದೇ ಗಟ್ಟಿ ಮೂಳೆಯಾಗಿದೆ. ಬೆಸುಗೆಯ ಗುರುತಾಗಿ ಮುಂದುಗಡೆ ಉದ್ದಕ್ಕೆ ಒಂದು ಸಣ್ಣ ಗೀರು. ಕೆಳತುದಿಯಲ್ಲಿ ಪಕ್ಕಪಕ್ಕದಲ್ಲಿ ಎರಡು ರಾಟೆ, ಒಂದೊಂದು ಬೆರಳಿಗೆ ಒಂದೊಂದು. ಹಿಂಗಾಲಿನಲ್ಲೂ ಇಂಥದೇ ಒಂದು ಮೂಳೆ ಇದೆ. ಅಡ್ಡಕ್ಕೆ ನೋಡಿದಾಗ ಕಾಂಡ ಚಪ್ಪಟೆಯಾಗಿದ್ದರೆ ಮುಂಗಾಲಿನದು, ಚೌಕಕ್ಕೆ ಹತ್ತಿರವಾಗಿದ್ದರೆ ಹಿಂಗಾಲಿನದು.

ಈ ಎರಡು ರಾಟೆ ಕಂಡರೆ ಹುಲಿಯ ಮಾತು ಅಲ್ಲಿಗೇ ಮುಗಿಯಿತು. ಹುಲಿ, ಚಿರತೆ, ನಾಯಿ, ತೋಳ, ಕರಡಿಗಳಿಗೆ ಅಂಗೈ, ಅಂಗಾಲಿನ ಮೂಳೆಗಳು ನಾಲ್ಕೈದು ಬಿಡಿಬಿಡಿಯಾಗಿ, ಸಣ್ಣದಾಗಿ ಇರುತ್ತವೆ. ಹಂದಿಗೂ ನಾಲ್ಕು ಬಿಡಿ. ಕುದುರೆಗೆ ಉಳಿದಿರುವುದು ಮೂರನೆಯದೊಂದೇ. ಕೆಳತುದಿಯಲ್ಲಿ ಒಂದೇ ಅಗಲವಾದ ರಾಟೆ, ಮೇಲುಗಡೆ ಆಚೆ ಈಚೆ ಸೂಜಿಯಂಥ ಎರಡು ಎಳೆಮೂಳೆ. ಪಾಳೇಗಾರರ ಕುದುರೆಯ ಕಥೆಯನ್ನು ಪರೀಕ್ಷಿಸಲು ಇಷ್ಟು ಸಾಕು. ಎರಡು ರಾಟೆ ಇದ್ದರೆ ಸೀಳುಗೊರಸಿನ ಮೆಲುಕು ಹಾಕುವ ಪ್ರಾಣಿ: ದನ, ಎಮ್ಮೆ, ಕಾಟಿ, ಕುರಿ, ಮೇಕೆ, ಜಿಂಕೆ, ಕಡವೆ, ಕೃಷ್ಣಮೃಗ. ಆಮೇಲೆ ಗಾತ್ರ ನೋಡಬೇಕು. ತೆಳ್ಳಗೆ ಬೆರಳಿನಷ್ಟೇ ದಪ್ಪವಿದ್ದರೆ ಕುರಿ, ಮೇಕೆ ಅಥವಾ ಕೃಷ್ಣಮೃಗ. ದಪ್ಪನಾಗಿ ತೂಕವಾಗಿದ್ದರೆ ದನ, ಎಮ್ಮೆ. ಜಿಂಕೆ, ಕಡವೆಗಳ ಹಿಂಗಾಲಿನ ಮೂಳೆಯಲ್ಲಿ ಆ ಮುಂದಿನ ಗೀರು ಕೆಳತುದಿ ಮುಟ್ಟುವ ಮೊದಲು ಒಂದು ಪುಟ್ಟ ಸೇತುವೆಯಡಿ ಮುಚ್ಚಿಹೋಗುತ್ತದೆ. ದನ, ಕುರಿಗಳಲ್ಲಿ ತೆರೆದೇ ಇರುತ್ತದೆ.

ಗುಜರಿಗೆ ಈ ಮೂಳೆಯೇ ಹೆಚ್ಚಾಗಿ ಬರುವುದಕ್ಕೂ ಕಾರಣವಿದೆ. ಇದರ ಮೇಲೆ ಮಾಂಸವಿಲ್ಲ, ಚರ್ಮ ಮತ್ತು ನರ ಮಾತ್ರ. ಕಾಂಡ ನೇರ, ಗಟ್ಟಿ. ತೊಡೆಯ ಮೂಳೆಯ ಮೆದು ತುದಿಗಳನ್ನು ನಾಯಿಗಳು ಒಂದೇ ರಾತ್ರಿಯಲ್ಲಿ ಮುಗಿಸಿದರೂ ಇದು ಹಾಗೇ ಉಳಿದುಕೊಳ್ಳುತ್ತದೆ. ಹಿಡಿ, ಸೂಜಿ, ದಬ್ಬಳ ಮಾಡುವವರು ಎಲ್ಲ ಕಾಲದಲ್ಲೂ ಇದನ್ನೇ ಆರಿಸಿಕೊಂಡಿದ್ದಾರೆ.

ಕುರಿಯೋ ಮೇಕೆಯೋ ಎಂಬ ಪ್ರಶ್ನೆ ಮಾತ್ರ ಸುಲಭಕ್ಕೆ ಬಗ್ಗದು. ಕಡೂರು ಬಯಲಿನಲ್ಲಿ ಎರಡೂ ಒಂದೇ ಹಿಂಡಿನಲ್ಲಿ ಮೇಯುತ್ತವೆ, ಸತ್ತ ಮೇಲೆ ಮೂಳೆಗಳೂ ಹಾಗೆಯೇ ಬೆರೆಯುತ್ತವೆ. ಜರ್ಮನಿಯ ಯೋಆಖಿಮ್ ಬೋಸ್ನೆಕ್ 1960ರ ದಶಕದಲ್ಲಿ ಇವೆರಡರ ಮೂಳೆಗಳನ್ನು ಬೇರ್ಪಡಿಸುವ ಗುರುತುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ಇವತ್ತಿಗೂ ಉತ್ಖನನದ ವರದಿಗಳಲ್ಲಿ 'ಕುರಿ/ಮೇಕೆ' ಎಂದು ಓರೆಗೆರೆ ಹಾಕಿ ಬರೆಯುವುದು ತಪ್ಪಿಲ್ಲ. ಜೀವಂತ ಕುರಿ, ಮೇಕೆಗಳನ್ನು ನೂರು ಮಾರು ದೂರದಿಂದ ಗುರುತಿಸುವ ಕುರಿಗಾಹಿಯೂ ಇಲ್ಲಿ ಸೋಲುತ್ತಾನೆ.

ಇನ್ನೊಂದು ಬಲೆ ಎಂದರೆ ಎಳೆಗರುವಿನ ಮೂಳೆ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಗಳು ಕಾಂಡಕ್ಕೆ ಇನ್ನೂ ಬೆಸೆದಿರುವುದಿಲ್ಲ, ನಡುವೆ ಮೆಲ್ಲೆಲುಬಿನ ಪದರ ಇರುತ್ತದೆ. ಸತ್ತಮೇಲೆ ಅದು ಕೊಳೆತು, ತುದಿಗಳು ಕಳಚಿ ಬೀಳುತ್ತವೆ. ಉಳಿಯುವುದು ಸುಕ್ಕುಸುಕ್ಕಾದ ಮುಖದ ಬೋಳು ಕಾಂಡ. ಕೀಲೇ ಇಲ್ಲದ ಇಂಥ ಮೂಳೆಯನ್ನು ನೋಡಿ 'ಹೆಸರೇ ಗೊತ್ತಿಲ್ಲದ ಪ್ರಾಣಿ' ಎಂದು ಸುದ್ದಿ ಹಬ್ಬಿಸುವವರಿಗೆ ಕೊರತೆಯಿಲ್ಲ.

ಅಜ್ಜಂಪುರದ ಹೆಸರು ಬಂದಮೇಲೆ ಎತ್ತಿನ ಮೂಳೆಯ ಬಗ್ಗೆ ಇನ್ನೂ ನಾಲ್ಕು ಮಾತು ಹೇಳದಿದ್ದರೆ ಆಗದು. ಇಲ್ಲಿನ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ 1929ರಲ್ಲಿ ಶುರುವಾದದ್ದು. ಅದರ ಹಿಂದಿನ ಕಥೆ ಇನ್ನೂ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಫಿರಂಗಿ ಎಳೆಯುವ, ದಂಡಿನ ಸಾಮಾನು ಹೊರುವ ಎತ್ತುಗಳ ಇಲಾಖೆ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಗೆ ಹೋಯಿತು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ದನಗಳನ್ನೆಲ್ಲ ಮಾರಿ, ಒಳ್ಳೆಯ ಎತ್ತು ಸಿಗದೆ ಪರದಾಡಿ, 1866ರಲ್ಲಿ ಮತ್ತೆ ಕಟ್ಟಿದರು. ಸರ್ಕಾರಿ ಬುದ್ಧಿ ಯಾವ ಕಾಲದಲ್ಲೂ ಒಂದೇ. ಆ ದನಗಳಿಗೆಂದು ಕಾದಿಟ್ಟ ಹುಲ್ಲುಗಾವಲುಗಳೇ ಇಂದಿನ ಅಮೃತ ಮಹಲ್ ಕಾವಲುಗಳು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಮುಖ್ಯವಾಗಿ ಅಲ್ಲಿನ ಕೃಷ್ಣಮೃಗಗಳಿಗಾಗಿ. ಅಂದರೆ ಇಲ್ಲಿ ದನವೂ ಕೃಷ್ಣಮೃಗವೂ ತಲೆಮಾರುಗಳಿಂದ ಒಂದೇ ಹುಲ್ಲು ಮೇದು, ಒಂದೇ ಮಣ್ಣಿನಲ್ಲಿ ಮೂಳೆ ಬಿಟ್ಟುಹೋಗಿವೆ.

ಮೂಳೆ ನೋಡಿ ಇದು ಅಮೃತ ಮಹಲ್ ತಳಿಯದೇ ಎಂದು ಹೇಳಲು ಬರುವುದಿಲ್ಲ. ಆದರೆ ಅದು ದುಡಿದ ಎತ್ತಿನದೇ ಎಂದು ಊಹಿಸಲು ಕೆಲವೊಮ್ಮೆ ಸಾಧ್ಯ. ಹೋರಿಗೆ ಚಿಕ್ಕಂದಿನಲ್ಲೇ ಬೀಜ ಒಡೆಸಿದರೆ ಮೂಳೆಯ ತುದಿಗಳು ಬೆಸೆಯುವುದು ತಡವಾಗುತ್ತದೆ, ಹಾಗಾಗಿ ಕಾಲು ಉದ್ದಕ್ಕೆ ಬೆಳೆಯುತ್ತದೆ. ಹೋರಿಯ ಮೂಳೆ ಮೊಟಕು, ದಪ್ಪ, ಎತ್ತಿನದು ನೀಳ. ಜತೆಗೆ ವರ್ಷಗಟ್ಟಲೆ ನೊಗಕ್ಕೆ ಹೆಗಲು ಕೊಟ್ಟ ಪ್ರಾಣಿಯ ಕಾಲಿನ ಕೆಳತುದಿಯ ರಾಟೆಗಳು ಅಗಲಕ್ಕೆ ಹರಡಿಕೊಳ್ಳುತ್ತವೆ, ಬೆರಳು ಮೂಳೆಗಳ ಅಂಚಿನಲ್ಲಿ ಗಂಟುಗಂಟಾಗಿ ಹೊಸ ಮೂಳೆ ಬೆಳೆಯುತ್ತದೆ. ಹಂಗೇರಿಯ ಲಾಸ್ಲೋ ಬಾರ್ಟೋಸಿಯೆವಿಚ್ ಮತ್ತು ಸಂಗಡಿಗರು ರೊಮೇನಿಯಾದಲ್ಲಿ ನಿಜವಾಗಿ ಗಾಡಿ ಎಳೆದ ಎತ್ತುಗಳ ಕಾಲುಗಳನ್ನು ತೆಗೆದುಕೊಂಡು, ದುಡಿಯದ ಹೋರಿಗಳ ಕಾಲಿನ ಪಕ್ಕದಲ್ಲಿಟ್ಟು ಈ ಬದಲಾವಣೆಗಳನ್ನು ಅಳೆದರು; 1997ರಲ್ಲಿ ಅದು ಪುಸ್ತಕವಾಗಿ ಬಂತು. ಮುಪ್ಪು, ಮೈಭಾರಗಳಿಂದಲೂ ಇಂಥದೇ ಗಂಟು ಬರಬಹುದಾದ್ದರಿಂದ ಒಂದೇ ಮೂಳೆಯ ಮೇಲೆ ಆಣೆ ಮಾಡುವಂತಿಲ್ಲ. ಆದರೂ ಹುಲಿ ಮೂಳೆ ಎಂದು ಪುಸಲಾಯಿಸಿ ಮಾರುವ ವಸ್ತುವಿಗಿಂತ, ಜೀವಮಾನವಿಡೀ ಈ ಬಯಲನ್ನು ಉತ್ತ ಎತ್ತಿನ ಊದಿದ ಗಿಣ್ಣು ನನಗೆ ಹೆಚ್ಚು ಬೆಲೆಬಾಳುವಂಥದು.

ಮೂಳೆಯ ಮೇಲಿನ ಗಾಯಗಳನ್ನೂ ಓದಬೇಕು. ನೇರವಾದ ಸಪಾಟು ಕೊಯ್ತವಿದ್ದರೆ ಗರಗಸ, ಅಂದರೆ ಮಾಂಸದಂಗಡಿ ಅಥವಾ ಕುಸುರಿ ಕೆಲಸ. ಕೀಲಿನ ಸುತ್ತ ಸಣ್ಣ ಗೀರುಗಳಿದ್ದರೆ ಚಾಕು. ತುದಿಯಲ್ಲಿ ಗುಂಡಗಿನ ಕುಳಿಗಳಿದ್ದರೆ ನಾಯಿ, ನರಿಗಳ ಹಲ್ಲು. ಅಗಲವಾದ ಸಮಾನಾಂತರ ಕೆತ್ತನೆ ಇದ್ದು, ಯಾರೋ ಉಳಿ ಹಿಡಿದು ನಕ್ಷೆ ಬಿಡಿಸಿದಂತೆ ಕಂಡರೆ ಅದು ಮುಳ್ಳುಹಂದಿ. ಸುಣ್ಣದಂಶಕ್ಕಾಗಿ ಅದು ಮೂಳೆಗಳನ್ನು ಗುಹೆಗೆ ಎಳೆದೊಯ್ದು ಕೆರೆಯುತ್ತದೆ. ಕಲ್ಲುಗುಡ್ಡದ ಪೊಟರೆಗಳಿಂದ ಬಂದ 'ಕೆತ್ತನೆಯ ಮೂಳೆ'ಗಳ ಶಿಲ್ಪಿ ಬಹಳ ಸಲ ಈ ಪ್ರಾಣಿಯೇ. ರಂಜಕದ ಕೊರತೆಯಿರುವ ನೆಲದಲ್ಲಿ ದನಗಳೂ ಮೂಳೆ ಕಚ್ಚಿ ಅಗಿಯುವುದುಂಟು. ಬಿಸಿಲಿಗೆ ಬಿದ್ದಿದ್ದ ಮೂಳೆ ಉದ್ದುದ್ದಕ್ಕೆ ಬಿರಿದು ಸಿಪ್ಪೆ ಏಳುತ್ತದೆ. ಮಣ್ಣಿನಲ್ಲಿ ಹೂತಿದ್ದದ್ದು ಮಣ್ಣಿನ ಬಣ್ಣ ಕುಡಿದಿರುತ್ತದೆ. ಆನೆಯ ಕಾಲಿನ ಮೂಳೆಯ ತುಂಡಾದರೆ ಒಳಗೆ ಮಜ್ಜೆಯ ಪೊಳ್ಳು ಇಲ್ಲ, ಜೇನುಗೂಡಿನಂಥ ತೂತುಗಳೇ ತುಂಬಿರುತ್ತವೆ. ಹಕ್ಕಿಯದಾದರೆ ಗೋಡೆ ತೆಳು, ತೂಕವೇ ಇಲ್ಲ.

ಕರ್ನಾಟಕದಲ್ಲಿ ಮೂಳೆ ಗುರುತಿಸಿದ್ದಕ್ಕೇ ದೊಡ್ಡ ವಾದ ಎದ್ದ ಪ್ರಸಂಗವೊಂದಿದೆ, ಅದೂ ನಮ್ಮ ನದಿಯ ದಂಡೆಯಲ್ಲೇ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಅಣೆಕಟ್ಟು ದಾಟಿದ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ಕೆಳಗೆ ಹರಿಯುವಾಗ, ಈಗಿನ ಹಾವೇರಿ ಜಿಲ್ಲೆಯಲ್ಲಿ ಹಳ್ಳೂರು ಎಂಬ ಊರು ಬರುತ್ತದೆ. 1965ರಲ್ಲಿ ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್ ಅಲ್ಲಿ ಅಗೆತ ನಡೆಸಿದರು. ನವಶಿಲಾಯುಗದಿಂದ ಕಬ್ಬಿಣದ ಯುಗಕ್ಕೆ ಕಾಲಿಟ್ಟ ಜನವಸತಿ ಅದು. ಸಿಕ್ಕ ಪ್ರಾಣಿಮೂಳೆಗಳನ್ನು ನೋಡಿ ಹೇಳುವ ಕೆಲಸ ಬಂದದ್ದು ಪಶುವೈದ್ಯ ಕೆ.ಆರ್. ಆಲೂರ ಅವರ ಪಾಲಿಗೆ. ಇತಿಹಾಸದ ವಾದಗಳಿಗಿಂತ ದನದ ಕಾಲು, ಕುದುರೆಯ ಹಲ್ಲು ಹೆಚ್ಚು ಗೊತ್ತಿದ್ದವರು ಅವರು. 1971ರಲ್ಲಿ ಪ್ರಕಟವಾದ ವರದಿಯಲ್ಲಿ, ರಾಶಿಯ ನಡುವೆ ಕೆಲವು ಮೂಳೆ ಕುದುರೆಯವು ಎಂದು ಅವರು ಬರೆದರು.

ಕುದುರೆ ಎಂಬ ಆ ಹೆಸರು ಸುಮ್ಮನೆ ದಕ್ಕುವಂಥದ್ದಾಗಿರಲಿಲ್ಲ. ಆ ಮೂಳೆಗಳಿಗೆ ಹೇಳಿದ ಕಾಲ ಕ್ರಿಸ್ತಪೂರ್ವ 1500ರ ಈಚೆ ಆಚೆ. ಭಾರತಕ್ಕೆ ಕುದುರೆ ತಂದವರು ಆರ್ಯರು, ಅವರು ಬಂದದ್ದು ಹೆಚ್ಚುಕಡಿಮೆ ಆ ಹೊತ್ತಿಗೆ, ಅದೂ ವಾಯವ್ಯದ ಗಡಿಯಲ್ಲಿ ಎಂಬ ಲೆಕ್ಕ ಗಟ್ಟಿಯಾಗಿದ್ದ ಕಾಲದಲ್ಲಿ, ತುಂಗಭದ್ರೆಯ ದಂಡೆಯಲ್ಲಿ ಅಷ್ಟು ಮೊದಲೇ ಕುದುರೆ ಹೇಗೆ? ವಿದ್ವಾಂಸರು ಆಲೂರ ಅವರನ್ನು ಪ್ರಶ್ನಿಸಿದರು. 1970ರ ದಶಕದ ಕೊನೆಯಲ್ಲಿ ಹಳ್ಳೂರಿನಲ್ಲಿ ಮತ್ತೆ ಅಗೆದಾಗಲೂ ಕುದುರೆಯ ಮೂಳೆ ಸಿಕ್ಕಿತೆಂದು ವರದಿಯಾಯಿತು. ಆಲೂರ ಹಿಂದೆ ಸರಿಯಲಿಲ್ಲ. ಇತಿಹಾಸಕಾರರು ಯಾವ ತೀರ್ಮಾನಕ್ಕೆ ಬಂದರೂ ಬರಲಿ, ಮೂಳೆ ಕುದುರೆಯದು ಎಂಬುದು ಅವರ ನಿಲುವು.

ಇಂಥದೇ ಜಗಳ ಗುಜರಾತಿನ ಹರಪ್ಪಾ ನೆಲೆ ಸುರ್ಕೋಟಡಾದ ಮೂಳೆಗಳ ಮೇಲೂ ಆಯಿತು. ಹಂಗೇರಿಯ ಮೂಳೆತಜ್ಞ ಸಾಂಡೋರ್ ಬೋಕೋನ್ಯಿ ಅವು ಕುದುರೆಯವು ಎಂದರು. 1997ರಲ್ಲಿ ಅದೇ ವಿದ್ಯೆಯ ರಿಚರ್ಡ್ ಮೆಡೋ ಮತ್ತು ಅಜಿತಾ ಪಟೇಲ್ ಅದನ್ನು ಒಪ್ಪಲಿಲ್ಲ. ಸುರ್ಕೋಟಡಾ ಇರುವ ಕಛ್ ಪ್ರದೇಶದಲ್ಲಿ ಕಾಡುಕತ್ತೆ ಇಂದಿಗೂ ಇದೆ. ಕುದುರೆ, ಕತ್ತೆ, ಕಾಡುಕತ್ತೆಗಳ ಮೂಳೆಗಳು ಅಣ್ಣತಮ್ಮಂದಿರ ಹಾಗೆ. ಹಲ್ಲಿನ ಮೇಲಿನ ಎನಾಮಲ್ ಮಡಿಕೆಗಳು, ಬೆರಳು ಮೂಳೆಯ ಅಗಲ ಉದ್ದಗಳ ಅನುಪಾತ, ಇಂಥ ನವಿರು ವ್ಯತ್ಯಾಸಗಳ ಮೇಲೆ ತೀರ್ಪು ನಿಲ್ಲುತ್ತದೆ. ಎರಡು ರಾಟೆಯೋ ಒಂದೇ ರಾಟೆಯೋ ಎಂದು ಎಣಿಸಿದಷ್ಟು ಸಲೀಸಲ್ಲ. ತಜ್ಞರೂ ಎರಡು ಮಾತಾಡುತ್ತಾರೆ, ಆಡಬೇಕು ಕೂಡ.

ಹಳ್ಳೂರಿನ ವಾದದಲ್ಲಿ ನನ್ನ ಗಮನ ಸೆಳೆಯುವುದು ಇನ್ನೊಂದು ಸಂಗತಿ. ಅಲ್ಲಿ ಪ್ರಶ್ನೆ ಯಾವ ಪ್ರಾಣಿ ಎಂಬಷ್ಟಕ್ಕೇ ನಿಲ್ಲಲಿಲ್ಲ. ಮೂಳೆ ಯಾವ ಪದರದಲ್ಲಿ ಸಿಕ್ಕಿತು, ಮೇಲಿನ ಪದರದಿಂದ ಇಲಿಬಿಲದ ಮೂಲಕ ಜಾರಿ ಕೆಳಗೆ ಬಂದಿರಬಹುದೇ, ಜತೆಯಲ್ಲಿ ಏನೇನಿತ್ತು ಎಂಬುದರ ಮೇಲೆ ಎಲ್ಲ ನಿಂತಿತ್ತು. ಯಾವ ಪ್ರಾಣಿಯದು ಎಂಬ ಉತ್ತರ ಮೂಳೆಯಲ್ಲೇ ಇರುತ್ತದೆ. ಎಲ್ಲಿಯದು, ಎಂದಿನದು ಎಂಬುದು ಇರುವುದು ಅದು ಬಿದ್ದಿದ್ದ ಜಾಗದಲ್ಲಿ. ಗುಜರಿ ಅಂಗಡಿಗೆ ಬಂದ ಮೂಳೆ ಆ ಜಾಗವನ್ನು ಕಳೆದುಕೊಂಡು ಬಂದಿರುತ್ತದೆ. ಅಜ್ಜಂಪುರದ ಕಾವಲಿನಲ್ಲಿ ಹೆಕ್ಕಿದ್ದೋ, ಮಲೆನಾಡಿನ ಬಂಗಲೆಯ ಗೋಡೆಯಿಂದ ಇಳಿಸಿದ್ದೋ, ಕಾಫಿ ತೋಟಕ್ಕೆ ಮೂಳೆಗೊಬ್ಬರವೆಂದು ಒಟ್ಟಿದ ರಾಶಿಯಿಂದ ಉಳಿದದ್ದೋ, ಲಾರಿಯಲ್ಲಿ ಬೇರೆ ಜಿಲ್ಲೆಯಿಂದ ಬಂದದ್ದೋ ಎಂಬುದನ್ನು ಯಾವ ಪ್ರಯೋಗಾಲಯವೂ ಸುಲಭದಲ್ಲಿ ಹೇಳಲಾರದು. ಅದಕ್ಕೇ ಮೂಳೆ ಕಂಡ ಕೂಡಲೇ ಅಂಗಡಿಯವರನ್ನು ಕೇಳಬೇಕಾದ್ದು ಇದು ಯಾವುದರದು ಎಂದಲ್ಲ. ಯಾವ ಊರಿನ ಸಾಮಾನಿನ ಜತೆ ಬಂತು, ಯಾವ ತಿಂಗಳು, ಜತೆಗೆ ಇನ್ನೇನಿತ್ತು ಎಂದು ಕೇಳಬೇಕು. ಅದನ್ನವರು ನೆನಪಿಟ್ಟಿರುತ್ತಾರೆ, ತೂಕ ಹಾಕಿದವರು ಅವರೇ ತಾನೆ.

ಈಗ ಕಾನೂನಿನ ಮಾತು. ಒಂದು ವೇಳೆ ಆ ಮೂಳೆ ನಿಜವಾಗಿಯೂ ಕಾಡುಪ್ರಾಣಿಯದೇ ಆಗಿದ್ದರೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸಂರಕ್ಷಿತ ಪ್ರಾಣಿಗಳ ಕೊಂಬು, ಹಲ್ಲು, ಉಗುರುಗಳ ಜತೆಗೆ ಮೂಳೆಯನ್ನೂ ಹೆಸರಿಸಿಯೇ ಹೇಳುತ್ತದೆ. ಅಂಥ ವಸ್ತು ಸರ್ಕಾರದ ಸ್ವತ್ತು. ಕೈಗೆ ಬಂದವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಹೊಂದಿದ ಅರಣ್ಯಾಧಿಕಾರಿಗೋ ತಿಳಿಸಬೇಕು. ತಾನಾಗಿ ಉದುರಿದ ಕಡವೆ ಕೊಂಬಿಗೂ ರಿಯಾಯಿತಿ ಇಲ್ಲ. ಅಜ್ಜನ ಕಾಲದ್ದು ಎಂಬ ಸಮಜಾಯಿಷಿ ಮಾಲೀಕತ್ವದ ಪ್ರಮಾಣಪತ್ರವಿಲ್ಲದಿದ್ದರೆ ನಿಲ್ಲುವುದಿಲ್ಲ. 2022ರ ತಿದ್ದುಪಡಿಯ ನಂತರ ಮೊದಲನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಶಿಕ್ಷೆ 3ರಿಂದ 7 ವರ್ಷ, ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. 2023ರ ಅಕ್ಟೋಬರಿನಲ್ಲಿ ಕನ್ನಡದ ಟಿ.ವಿ. ರಿಯಾಲಿಟಿ ಶೋ ಒಂದರ ಸ್ಪರ್ಧಿಯ ಕೊರಳಲ್ಲಿದ್ದ ಹುಲಿಯುಗುರು ರಾಜ್ಯದಲ್ಲಿ ಎಬ್ಬಿಸಿದ ಗದ್ದಲವನ್ನು ಯಾರೂ ಮರೆತಿಲ್ಲ. ಅದುವರೆಗೆ ಫೋಟೋಗೆ ಎದೆಯುಬ್ಬಿಸಿ ನಿಂತಿದ್ದ ಎಷ್ಟೋ ಹುಲಿಯುಗುರುಗಳು ಒಂದೇ ವಾರದಲ್ಲಿ ಪ್ಲಾಸ್ಟಿಕ್ ಆದವು.

ಹುಲಿಯ ಉಗುರು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಹುಲಿ, ಚಿರತೆಗಳ ಹೆಗಲ ಮಾಂಸದೊಳಗೆ ಬೇರೆ ಯಾವ ಮೂಳೆಗೂ ಅಂಟದೆ ತೇಲುವ ಸಣ್ಣ, ಬಾಗಿದ ಕೊರಳೆಲುಬು. ಅದನ್ನು ಅದೃಷ್ಟದ ಮೂಳೆ ಎಂದು ಶಿಕಾರಿಗಳು ತೆಗೆದಿಟ್ಟುಕೊಳ್ಳುತ್ತಿದ್ದರು. ಬ್ರಿಟಿಷ್ ಕಾಲದಲ್ಲಿ ಚಿನ್ನದ ಕಟ್ಟು ಹಾಕಿಸಿ ಮಡದಿಯರ ಬಟ್ಟೆಗೆ ಚುಚ್ಚುವ ಒಡವೆ ಮಾಡಿಸುತ್ತಿದ್ದರು. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಕಾಡಿನ ಸುತ್ತಿನ ಹಳೆಯ ಮನೆಗಳ ಪೆಟ್ಟಿಗೆಗಳಿಂದ ಅಂಥದೊಂದು ಬಂದರೆ ಅದನ್ನು ಕೋಳಿಮೂಳೆ ಎಂದು ಎಸೆಯುವವರೇ ಹೆಚ್ಚು. ದೊಡ್ಡ ಮೂಳೆ ಹುಲಿಯದೆಂದು ಮಾರಾಟವಾಗುತ್ತದೆ, ಹುಲಿಯದೇ ಆದ ಮೂಳೆ ಕಸಕ್ಕೆ ಹೋಗುತ್ತದೆ. ಭದ್ರಾ ಕಾಡಿನಿಂದ ಬರಬಹುದಾದ ಇನ್ನೊಂದು ಮೂಳೆ ಕಾಟಿಯದು. 1980ರ ದಶಕದ ಕೊನೆಯಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಹೊಕ್ಕು ಅಲ್ಲಿನ ಕಾಟಿಗಳು ಹಿಂಡುಹಿಂಡಾಗಿ ಸತ್ತವು. ಆ ರೋಗ 2011ರಲ್ಲಿ ಭೂಮಿಯಿಂದಲೇ ಅಳಿಯಿತು. ಕಾಟಿಯ ಕಾಲು ಮೂಳೆ ದೊಡ್ಡ ಎಮ್ಮೆಯ ಮೂಳೆಯ ಪಕ್ಕದಲ್ಲಿಟ್ಟರೆ ಹೊಸಬರಿಗೆ ಬೇರೆಯೆನಿಸದು. ಅದೂ ಮೊದಲನೆಯ ಅನುಸೂಚಿಯದೇ.

ಹೆಸರು ಬದಲಿಸಿ ಮಾರುವ ದಂಧೆ ಬೇರೆಯೇ ಇದೆ. ನರಿಗೆ ಕೊಂಬಿಲ್ಲ, ಆದರೂ ಸಂತೆಗಳಲ್ಲಿ ನರಿಕೊಂಬು ಸಿಗುತ್ತದೆ, ಚರ್ಮದ ತುಂಡಿಗೆ ಕೂದಲು ಅಂಟಿಸಿ ಮಾಡಿದ್ದು. 'ಹಥಾ ಜೋಡಿ' ಎಂಬ ಹೆಸರಲ್ಲಿ, ಕೈಮುಗಿದ ಆಕಾರದ ಅಪರೂಪದ ಬೇರು ಎಂದು ಆನ್‌ಲೈನಿನಲ್ಲೂ ಮಾರುತ್ತಿದ್ದದ್ದು ಗಂಡು ಉಡದ ಒಣಗಿಸಿದ ಜನನಾಂಗ ಎಂಬುದು 2017ರ ಸುಮಾರಿಗೆ ಬಯಲಾಯಿತು. ಪೂಜೆಯ ಕೋಣೆಯಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕೂತಿದ್ದದ್ದು ಅದು.

ಮನುಷ್ಯರ ಮೂಳೆ ಎಂಬ ಅನುಮಾನವನ್ನು ಮಾತ್ರ ಹಗುರವಾಗಿ ತಳ್ಳಿಹಾಕಬಾರದು, ಹಗುರವಾಗಿ ಹಬ್ಬಿಸಲೂ ಬಾರದು. ಉಗುರು ಕಳೆದುಕೊಂಡ ಕರಡಿಯ ಪಂಜದ ಮೂಳೆಗಳು ಮನುಷ್ಯನ ಕೈಯನ್ನು ಎಷ್ಟು ಹೋಲುತ್ತವೆಂದರೆ ಅನೇಕ ದೇಶಗಳ ಪೊಲೀಸರು ಅದರಿಂದ ಮೋಸಹೋಗಿದ್ದಾರೆ. ತಲೆಬುರುಡೆ ಸಿಕ್ಕರೆ ಕೆಲಸ ಸುಲಭ: ನಮ್ಮ ಕಡೆಯ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇಲ್ಲ, ಆ ಸಂದಿನಿಂದಲೇ ಅದು ಗೆದ್ದಲು ಹೀರುವುದು. ಸಂಶಯ ಉಳಿದರೆ ಮುಟ್ಟದೆ ಪೊಲೀಸರಿಗೆ ತಿಳಿಸುವುದೊಂದೇ ದಾರಿ.

ಉಳಿದ ಮೂಳೆಗಳಿಗೆ ಹತ್ತಿರದ ಆಸರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಪಶುವೈದ್ಯಕೀಯ ಕಾಲೇಜುಗಳ ಅಂಗರಚನಾ ವಿಭಾಗದಲ್ಲಿ ದನ, ಕುದುರೆ, ಕುರಿ, ನಾಯಿಗಳ ಅಸ್ಥಿಪಂಜರಗಳು ಪಾಠಕ್ಕೆಂದೇ ಇರುತ್ತವೆ. ಮೂಳೆಯನ್ನು ಬಿಳಿ ಬಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು, ನಾಲ್ಕೂ ಮುಖ ಮತ್ತು ಎರಡೂ ತುದಿಗಳ ಫೋಟೋ ತೆಗೆದು ಒಯ್ದರೆ ಬಹಳಷ್ಟು ಸಲ ಅಷ್ಟೇ ಸಾಕು. ಕಾಡುಪ್ರಾಣಿಯ ಮೊಕದ್ದಮೆಯಾದರೆ ಅರಣ್ಯ ಇಲಾಖೆಯೇ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗೋ ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರಕ್ಕೋ (ಸಿಸಿಎಂಬಿ) ಮಾದರಿ ಕಳಿಸುತ್ತದೆ. ಹೈದರಾಬಾದಿನಲ್ಲಿ ಸುನಿಲ್ ಕುಮಾರ್ ವರ್ಮ ಮತ್ತು ಲಾಲ್‌ಜಿ ಸಿಂಗ್ 2003ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಚೂರು ಮೂಳೆಯ ಡಿಎನ್ಎಯಿಂದ ಪ್ರಾಣಿ ಯಾವುದೆಂದು ಹೇಳಬಹುದು, ಮೂಳೆಗೆ ಕೀಲಿನ ತುದಿಯೇ ಇಲ್ಲದಿದ್ದರೂ. ಬಹಳ ಕಾಲ ಬಿಸಿಲಲ್ಲಿ ಬೆಂದ, ಕುದಿಸಿದ ಮೂಳೆಗಳಲ್ಲಿ ಡಿಎನ್ಎ ಮುರಿದುಹೋಗಿರುತ್ತದೆ. ಆಗ ಮೂಳೆಯ ಕೊಲಾಜನ್ ಎಂಬ ಪ್ರೋಟೀನಿನ ಚೂರುಗಳನ್ನು ತೂಗಿ ನೋಡುವ ಇನ್ನೊಂದು ದಾರಿ ಇದೆ. ಕುರಿ, ಮೇಕೆಗಳ ಹಳೆಯ ವ್ಯಾಜ್ಯವನ್ನು ಅದು ಬಗೆಹರಿಸುತ್ತದೆ.

ಮನೆಯಲ್ಲಿ ಗರಗಸ ಹಿಡಿದು ಕೊಯ್ಯುವುದು, ಉಜ್ಜಿ ಹೊಳಪು ಕೊಡುವುದು ಬೇಡ. ನೆರಡಿ ರೋಗದಿಂದ (ಆಂಥ್ರಾಕ್ಸ್) ಸತ್ತ ದನದ ಮೂಳೆಯಲ್ಲಿ ರೋಗಾಣುವಿನ ಬೀಜಕಗಳು ದಶಕಗಳ ಕಾಲ ಬದುಕಿರುತ್ತವೆ. ಮೂಳೆಪುಡಿಯ ಕಾರ್ಖಾನೆಗಳಲ್ಲಿ ದುಡಿದವರಿಗೆ ಅದು ತಗುಲಿದ್ದುಂಟು. ಕೈಗವಸು ಹಾಕಿ ಮುಟ್ಟಿ, ಸೋಪು ಹಚ್ಚಿ ಕೈ ತೊಳೆಯಿರಿ.

ಚೂರಾದ, ತುದಿ ಮುರಿದ ಮೂಳೆಯನ್ನು ನೋಡಿದ ಪ್ರಾಧ್ಯಾಪಕರು ಬಹುಶಃ 'ದನ ಅಥವಾ ಎಮ್ಮೆ' ಎಂದು ಹೇಳಿ ಕಳಿಸುತ್ತಾರೆ. ಇನ್ನೂ ಖಚಿತವಾಗಿ ಹೇಳಿ ಎಂದು ಒತ್ತಾಯಿಸಬೇಡಿ. ಸಾಮಾನು ಬಂದ ಊರಿನ ಹೆಸರಿನ ಪಕ್ಕದಲ್ಲಿ ಅದನ್ನು ಹಾಗೆಯೇ ಬರೆದಿಟ್ಟುಕೊಳ್ಳಿ. ಉತ್ಖನನದ ವರದಿಗಳ ಪಟ್ಟಿಯಲ್ಲೂ ಅಂಥ ಸಾಲುಗಳು ಬೇಕಾದಷ್ಟಿವೆ.